ಯಾರು ಹೇಳಿದ್ದು, ಯಾವುದರ ಬಗ್ಗೆ ಹೇಳಿದ್ದು?

(ನಮ್ಮ ಮಹಿಳಾ ವೇದಿಕೆಯ ಸಭೆಯಲ್ಲಿ, ಕೊಂಡಾಪುರದಲ್ಲಿ ಆಡಿದ ಮಾತುಗಳ ಬರಹ ರೂಪ)



ಹೋದ ಸಲ ಇದೇ ಹಾಲಿನಲ್ಲಿ ಬಿಸಿಬೇಳೆ ಬಾತಿನ ಪುಡಿಯ ಬಗ್ಗೆ ಎರಡು ಗಂಟೆ ಚರ್ಚೆ ಆಯಿತು. ಮೊಗ್ಗು ಹಾಕಬೇಕೋ ಬೇಡವೋ ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಅಂಥ ಸಭೆಯಲ್ಲಿ ಪ್ರವೇಶ ಪರೀಕ್ಷೆಯ ಲಾಜಿಕಲ್ ರೀಸನಿಂಗ್ ಬಗ್ಗೆ ಮಾತಾಡು ಅಂದಾಗ ನನಗೇ ನಗು ಬಂತು. ಆದರೆ ನಮ್ಮಲ್ಲಿ ಐದಾರು ಮನೆಗಳಲ್ಲಿ ಮಕ್ಕಳು ಕ್ಲಾಟ್‌ಗೆ ಓದುತ್ತಿದ್ದಾರೆ, ಇನ್ನೆರಡು ಮನೆಗಳಲ್ಲಿ ಕ್ಯಾಟ್‌ಗೆ. ನನ್ನ ಮಗಳಿಗೆ ಹೇಳಿಕೊಡುತ್ತಾ ನಾನೂ ಕಲಿತೆ, ಈಗ ಅಪಾರ್ಟ್‌ಮೆಂಟಿನ ಮೂವರು ಮಕ್ಕಳು ಶನಿವಾರ ನಮ್ಮ ಊಟದ ಮೇಜಿಗೆ ಬರುತ್ತಾರೆ. ಮದುವೆಗೆ ಮುಂಚೆ ದಾವಣಗೆರೆಯಲ್ಲಿ ಮೂರು ವರ್ಷ ಹೈಸ್ಕೂಲಿಗೆ ವಿಜ್ಞಾನ ಪಾಠ ಮಾಡಿದ್ದು ಬಿಟ್ಟರೆ ನನಗೆ ಬೇರೆ ಅರ್ಹತೆ ಇಲ್ಲ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ, ಇವತ್ತಿನ ವಿಷಯವೇ ಅದು. ಮಾತಾಡುವವರ ಅರ್ಹತೆ.

ಕ್ಲಾಟ್ ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ಶಾಮೀರ್‌ಪೇಟೆಯ ನಲ್ಸಾರ್, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್, ಹೀಗೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಲು 2008ರಿಂದ ನಡೆಯುತ್ತಿರುವ ಪರೀಕ್ಷೆ. ಈಗ 120 ಪ್ರಶ್ನೆ, 120 ನಿಮಿಷ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಅದರಲ್ಲಿ ಸುಮಾರು ಐದನೇ ಒಂದು ಭಾಗ ಲಾಜಿಕಲ್ ರೀಸನಿಂಗ್. ಒಂದು ಪ್ಯಾಸೇಜ್ ಕೊಟ್ಟು, ಇದರಲ್ಲಿ ಲೇಖಕರ ವಾದ ಎಲ್ಲಿ ಕುಂಟುತ್ತಿದೆ ಹೇಳಿ ಎನ್ನುವ ತರಹದ ಪ್ರಶ್ನೆ. ಆ ಕುಂಟುವಿಕೆಗಳಲ್ಲಿ ಒಂದು, ದೊಡ್ಡವರ ಹೆಸರು ಹೇಳಿ ಬಾಯಿ ಮುಚ್ಚಿಸುವುದು. ಪುಸ್ತಕದಲ್ಲಿ ಅದಕ್ಕೆ ಅಪೀಲ್ ಟು ಅಥಾರಿಟಿ ಅನ್ನುತ್ತಾರೆ.

ಸುಲಭದ್ದೊಂದು ನೋಡೋಣ. ಇದು ನಾನೇ ಬರೆದದ್ದು.

‘ನಗರದ ಹೆಸರಾಂತ ಹೃದಯ ತಜ್ಞರೊಬ್ಬರು, ಹೊಸ ಫ್ಲೈಓವರ್‌ನಿಂದ ಟ್ರಾಫಿಕ್ ಕಡಿಮೆಯಾಗುವುದಿಲ್ಲ ಎಂದಿದ್ದಾರೆ. ಅವರು ಮೂವತ್ತು ವರ್ಷ ಅನುಭವವುಳ್ಳವರು, ಹಲವು ಪ್ರಶಸ್ತಿ ಪಡೆದವರು. ಆದ್ದರಿಂದ ಫ್ಲೈಓವರ್ ಕಟ್ಟುವುದು ದುಂದುವೆಚ್ಚ.’

ನೀವೆಲ್ಲ ನಕ್ಕಿರಿ. ಹೃದಯದ ರಕ್ತನಾಳದ ಬ್ಲಾಕ್ ಬೇರೆ, ಕೊತ್ತಗುಡ ಜಂಕ್ಷನ್ನಿನ ಬ್ಲಾಕ್ ಬೇರೆ ಅಂತ ಯಾರಾದರೂ ಹೇಳುತ್ತಾರೆ. ಆದರೆ ಪರೀಕ್ಷೆಯಲ್ಲಿ ಮಕ್ಕಳು ಎಡವುವುದು ನೋಡಿ. ‘ಮೂವತ್ತು ವರ್ಷ ಅನುಭವ’ ಅನ್ನುವ ಮಾತು ಓದಿದ ಕೂಡಲೇ ಮನಸ್ಸು ತಲೆಬಾಗಿಬಿಡುತ್ತದೆ. ಪ್ರಶ್ನೆ ತೆಗೆದವರು ಆ ವಾಕ್ಯವನ್ನು ಹಾಕಿರುವುದೇ ಅದಕ್ಕೆ. ಪ್ರಶಸ್ತಿ, ಅನುಭವ, ಪದವಿ ಇವುಗಳ ಬಣ್ಣನೆ ಎಷ್ಟು ಹೆಚ್ಚಾಗಿದೆಯೋ ಅಷ್ಟು ಹುಷಾರಾಗಿರಿ ಅಂತ ನಾನು ಮಕ್ಕಳಿಗೆ ಹೇಳುತ್ತೇನೆ. ಇನ್ನೊಂದು ವಿಷಯ, ಉತ್ತರದ ಆಪ್ಷನ್ನಿನಲ್ಲಿ ‘ಅಪೀಲ್ ಟು ಅಥಾರಿಟಿ’ ಎಂದು ಹೆಸರು ಹಿಡಿದು ಬರೆದಿರುವುದಿಲ್ಲ. ‘ಯಾರ ಪರಿಣತಿ ಈ ವಿಷಯಕ್ಕೆ ಸಂಬಂಧಪಟ್ಟದ್ದೆಂದು ತೋರಿಸಿಲ್ಲವೋ ಅಂಥವರ ಅಭಿಪ್ರಾಯವನ್ನು ನೆಚ್ಚಿಕೊಂಡಿದೆ’ ಅಂತ ಸುತ್ತಿ ಬಳಸಿ ಬರೆದಿರುತ್ತಾರೆ. ಆ ಉದ್ದನೆಯ ವಾಕ್ಯವನ್ನು ಬಿಡಿಸಿ ಓದುವ ತಾಳ್ಮೆ ಅರ್ಧ ಅಂಕ ತಂದುಕೊಡುತ್ತದೆ.

ಈಗ ಎರಡನೆಯದು. ಇದರಲ್ಲಿ ನನ್ನ ಮಗಳು ಎಡವಿದ್ದಳು, ನಾನೂ ಎಡವಿದ್ದೆ.

‘ಒಂದು ವಸತಿ ಸಮುಚ್ಚಯದಲ್ಲಿ ಆರು ಬ್ಲಾಕುಗಳಿವೆ. ಗೋಡೆಯಲ್ಲಿ ಬಿರುಕು ಕಂಡಿದ್ದರಿಂದ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನು ಕರೆಸಲಾಯಿತು. ಅವರು ಎ ಬ್ಲಾಕಿನ ಕಂಬಗಳನ್ನೆಲ್ಲ ಪರೀಕ್ಷಿಸಿ, ಬಿರುಕು ಮೇಲಿನ ಗಾರೆಯಲ್ಲಿ ಮಾತ್ರ, ಕಂಬಗಳು ಗಟ್ಟಿಯಾಗಿವೆ ಎಂದರು. ಆದ್ದರಿಂದ ಆರೂ ಬ್ಲಾಕುಗಳು ಸುರಕ್ಷಿತ.’

ಆಪ್ಷನ್ನುಗಳಲ್ಲಿ ಒಂದು, ಸಾಕ್ಷ್ಯದ ಬದಲು ತಜ್ಞರ ಮಾತನ್ನು ನೆಚ್ಚಿಕೊಂಡಿದೆ ಎಂಬುದು. ಇನ್ನೊಂದು, ಒಂದು ಭಾಗದ ಬಗ್ಗೆ ತಿಳಿದದ್ದನ್ನು ಇಡೀ ಸಮುಚ್ಚಯಕ್ಕೆ ಅನ್ವಯಿಸಿದೆ ಎಂಬುದು. ಮಗಳು ಮೊದಲನೆಯದಕ್ಕೆ ಟಿಕ್ ಹಾಕಿದಳು. ತಜ್ಞ ಅನ್ನುವ ಪದ ಕಂಡಿತು, ಟಿಕ್ ಬಿತ್ತು. ಒಂದು ಅಂಕ ಬರಲಿಲ್ಲ, ಮೇಲೆ ಕಾಲು ಅಂಕವೂ ಹೋಯಿತು. ಕಂಬ ಗಟ್ಟಿಯಾಗಿದೆಯೇ ಅಂತ ಸ್ಟ್ರಕ್ಚರಲ್ ಇಂಜಿನಿಯರನ್ನು ಕೇಳದೆ ಯಾರನ್ನು ಕೇಳಬೇಕು? ಆತ ಸರಿಯಾದ ಮನುಷ್ಯ, ಕಣ್ಣಾರೆ ನೋಡಿದ್ದಾನೆ, ನೋಡಿದಷ್ಟನ್ನೇ ಹೇಳಿದ್ದಾನೆ. ತಪ್ಪು ಅವನದಲ್ಲ. ಬಿ ಬ್ಲಾಕನ್ನು ಅವನು ನೋಡೇ ಇಲ್ಲ, ಅದರ ಬಗ್ಗೆ ಹೇಳಿದವರು ವಾದ ಮಾಡಿದವರು.

ತಜ್ಞರನ್ನು ನಂಬುವುದೇ ತಪ್ಪು ಅಂತ ಈ ಪರೀಕ್ಷೆಗಳು ಹೇಳುವುದಿಲ್ಲ. ನಂಬದೆ ಬದುಕುವುದಕ್ಕೆ ಆಗುವುದೂ ಇಲ್ಲ. ತುಕ್ಕು ಹಿಡಿದ ಗ್ಯಾಸ್ ರೆಗ್ಯುಲೇಟರ್ ಸರಿಯಿದೆಯೇ ಅಂತ ನಾನು ರಸಾಯನಶಾಸ್ತ್ರ ಓದಿ ತಿಳಿದುಕೊಳ್ಳಲೇ? ನಮ್ಮ ಹಿಂದಿನವರು ಇದನ್ನು ಬಹಳ ಚೆನ್ನಾಗಿ ಯೋಚಿಸಿದ್ದಾರೆ. ಗೌತಮನ ನ್ಯಾಯಸೂತ್ರದಲ್ಲಿ ತಿಳಿವಳಿಕೆಗೆ ನಾಲ್ಕು ದಾರಿ, ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಈ ಶಬ್ದ ಅಂದರೆ ಆಪ್ತರ ಮಾತು. ಆಪ್ತ ಅಂದರೆ ನಮಗೆ ಬೇಕಾದವರು ಅಂತಲ್ಲ. ವಿಷಯವನ್ನು ನೇರವಾಗಿ ಬಲ್ಲವನು, ಬಲ್ಲದ್ದನ್ನು ಬಲ್ಲಂತೆಯೇ ಹೇಳಬೇಕು ಅನ್ನುವ ಮನಸ್ಸಿರುವವನು. ಭಾಷ್ಯ ಬರೆದ ವಾತ್ಸ್ಯಾಯನ ಒಂದು ಮಾತು ಸೇರಿಸುತ್ತಾನೆ, ನನಗೆ ಬಹಳ ಇಷ್ಟವಾದದ್ದು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಅಂತ. ಅಂದರೆ ಕುಲ, ಪೀಠ, ಪಟ್ಟ ನೋಡಬೇಡ, ಅವನಿಗೆ ವಿಷಯ ಗೊತ್ತೋ ಇಲ್ಲವೋ ನೋಡು. ಇಷ್ಟು ಹಳೆಯ ಕಾಲದಲ್ಲಿ!

ಅಲ್ಲೇ ಇನ್ನೊಂದು ಮಾತು ಬರುತ್ತದೆ, ಐತಿಹ್ಯ. ಮೊದಲು ಹೇಳಿದವರು ಯಾರು ಅಂತ ಗೊತ್ತಿಲ್ಲದೆ ಬಾಯಿಂದ ಬಾಯಿಗೆ ಬಂದ ಮಾತು. ಅದಕ್ಕೆ ಶಾಸ್ತ್ರಿಗಳು ಕೊಡುವ ಉದಾಹರಣೆ, ಈ ಆಲದ ಮರದಲ್ಲಿ ಯಕ್ಷ ಇದ್ದಾನಂತೆ. ಇದನ್ನು ಓದಿದ ದಿನ ನನಗೆ ನಮ್ಮ ಕುಟುಂಬದ ವಾಟ್ಸ್ಯಾಪ್ ಗುಂಪೇ ಕಣ್ಣ ಮುಂದೆ ಬಂತು. ಯುನೆಸ್ಕೋ ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲೇ ಶ್ರೇಷ್ಠ ಎಂದು ಘೋಷಿಸಿತು ಅನ್ನುವ ಸುಳ್ಳು ಸುದ್ದಿ ನಿಮಗೆಲ್ಲ ಎಷ್ಟು ಸಲ ಬಂದಿದೆ? ಆಲದ ಮರದ ಯಕ್ಷ ಈಗ ಫೋನಿನಲ್ಲಿದ್ದಾನೆ ಅಷ್ಟೆ.

ಕನ್ನಡದ ‘ಅಂತೆ’ಯನ್ನು ಗಮನಿಸಿದ್ದೀರಾ? ನಾನು ನೋಡಿಲ್ಲ, ಕೇಳಿದ್ದು ಅನ್ನುವುದನ್ನು ಒಂದೇ ಪ್ರತ್ಯಯದಲ್ಲಿ ಹೇಳಿಬಿಡುತ್ತೇವೆ. ಬಂದ ಬೇರೆ, ಬಂದನಂತೆ ಬೇರೆ. ತೆಲುಗಿನಲ್ಲೂ ಇದೆ, ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಲಿಫ್ಟ್ ಕೆಟ್ಟಿತು ಅನ್ನುವುದಕ್ಕೂ ಕೆಟ್ಟಿತಂಟ ಅನ್ನುವುದಕ್ಕೂ ವ್ಯತ್ಯಾಸ ಮಾಡುತ್ತಾಳೆ, ತಾನು ನೋಡದಿದ್ದರೆ ‘ಅಂಟ’ ಹಾಕದೆ ಬಿಡುವುದಿಲ್ಲ. ಅಂತೆ ಕಂತೆ ಅಂತ ನಾವು ಅದನ್ನು ಹಗುರ ಮಾಡುತ್ತೇವೆ, ನಿಜವಾಗಿ ಅದು ಪ್ರಾಮಾಣಿಕತೆಯ ಗುರುತು. ಫಾರ್ವರ್ಡ್ ಆಗುತ್ತಾ ಆಗುತ್ತಾ ಮೊದಲು ಉದುರುವುದು ಈ ‘ಅಂತೆ’ಯೇ. ಮಕ್ಕಳಿಗೆ ನಾನು ಒಂದು ಅಭ್ಯಾಸ ಮಾಡಿಸುತ್ತೇನೆ, ಇಂಗ್ಲಿಷ್ ಪ್ಯಾಸೇಜಿನ ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲೇ ಕನ್ನಡಕ್ಕೆ ತಂದು, ಎಲ್ಲೆಲ್ಲಿ ‘ಅಂತೆ’ ಹಾಕಬೇಕು ಅಂತ ಗುರುತು ಹಾಕಿ. ಯಾವುದು ಲೇಖಕರ ಸ್ವಂತ ಮಾತು, ಯಾವುದು ಎರವಲು ಅನ್ನುವುದು ತಾನೇ ಬೇರೆಯಾಗುತ್ತದೆ.

ಇನ್ನು ಮೂರನೆಯ ಪ್ರಶ್ನೆ. ಇದಕ್ಕಾಗಿಯೇ ನಾನು ಇವತ್ತು ಮಾತಾಡಲು ಒಪ್ಪಿದ್ದು.

‘ಮೊಬೈಲ್ ಮತ್ತು ಕಂಪ್ಯೂಟರ್ ಪರದೆಯನ್ನು ಬಿಡುವಿಲ್ಲದೆ ನೋಡಿದರೆ ಕಣ್ಣಿಗೆ ಆಯಾಸವಾಗುತ್ತದೆ ಎಂದು ನೇತ್ರ ತಜ್ಞರು ಹೇಳುತ್ತಾರೆ. ಆದ್ದರಿಂದ ಶಾಲೆಗಳಲ್ಲಿ ಕಂಪ್ಯೂಟರ್ ಪಾಠವನ್ನು ನಿಲ್ಲಿಸಬೇಕು.’

ತಜ್ಞರು ಸರಿ. ವಿಷಯವೂ ಅವರದೇ. ಆದರೆ ಅವರ ಅಧಿಕಾರ ನಿಂತಿರುವುದು ಮೊದಲ ವಾಕ್ಯದ ಕೊನೆಯ ಚುಕ್ಕಿಯವರೆಗೆ. ‘ಆದ್ದರಿಂದ’ದ ಆಚೆ ಇರುವುದು ಶಿಕ್ಷಣದ ತೀರ್ಮಾನ, ಅಲ್ಲಿ ಕಣ್ಣಿನ ಡಾಕ್ಟರ ಮಾತು ನಡೆಯುವುದಿಲ್ಲ. ಕಷ್ಟದ ಪ್ರಶ್ನೆಗಳಲ್ಲಿ ಯಾವಾಗಲೂ ಹೀಗೇ. ತಜ್ಞರ ಹೆಗಲ ಮೇಲೆ ಕೂತು ವಾದ ‘ಆದ್ದರಿಂದ’ ಅನ್ನುವ ಹೊಸ್ತಿಲು ದಾಟುತ್ತದೆ, ತಜ್ಞರು ಹೊಸ್ತಿಲ ಈಚೆಗೇ ಉಳಿದಿರುವುದು ನಮಗೆ ಕಾಣುವುದಿಲ್ಲ.

ನನ್ನ ಮಗಳು ಹತ್ತನೇ ಕ್ಲಾಸಿನಿಂದ ಲಾ ಓದುತ್ತೇನೆ ಅನ್ನುತ್ತಿದ್ದಳು. ನಮ್ಮ ಯಜಮಾನರ ಕಡೆ ದೊಡ್ಡಪ್ಪನ ಮಗ ಒಬ್ಬರಿದ್ದಾರೆ, ಐಐಟಿಯಲ್ಲಿ ಓದಿದವರು, ಒಳ್ಳೆಯ ಹುದ್ದೆಯಲ್ಲಿರುವವರು, ಮನೆತನದಲ್ಲಿ ಯಾವ ಮಗುವಿನ ಓದಿಗೂ ಅವರನ್ನು ಕೇಳುವುದು ವಾಡಿಕೆ. ಅವರು ಬಂದು ಒಂದು ಗಂಟೆ ಕೂತು, ಇಂಜಿನಿಯರಿಂಗ್ ಓದಿದವರಿಗೆ ಕೆಲಸ ಎಲ್ಲೆಲ್ಲಿ ಸಿಗುತ್ತದೆ ಅಂತ ವಿವರಿಸಿದರು. ಅದೆಲ್ಲ ಅವರಿಗೆ ಗೊತ್ತಿದ್ದದ್ದೇ, ಸುಳ್ಳು ಒಂದೂ ಇಲ್ಲ. ‘ಆದ್ದರಿಂದ ಇವಳನ್ನು ಎಂಪಿಸಿಗೆ ಹಾಕಿ’ ಅಂದರು. ಹಾಕಿದೆವು. ಇಲ್ಲಿನ ಇಂಟರ್ ಕಾಲೇಜು ಅಂದರೆ ಹೇಗಿರುತ್ತದೆ ನಿಮಗೆ ಗೊತ್ತು. ಬೆಳಿಗ್ಗೆ ಆರೂವರೆಗೆ ಹೊರಟರೆ ರಾತ್ರಿ ಎಂಟು. ನಾಲ್ಕು ತಿಂಗಳಲ್ಲಿ ಹುಡುಗಿ ಏಳು ಕೆಜಿ ಇಳಿದಳು. ಭಾನುವಾರ ಟೆಸ್ಟ್, ಸೋಮವಾರ ರ‍್ಯಾಂಕ್ ಪಟ್ಟಿ, ಸೋಮವಾರ ರಾತ್ರಿ ಊಟ ಇಲ್ಲ. ನಾನು ನೋಡುತ್ತಲೇ ಇದ್ದೆ. ನೋಡುತ್ತಾ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ಅಷ್ಟು ತಿಳಿದವರು ಹೇಳಿದ್ದಾರೆ, ನನಗೇನು ಗೊತ್ತು, ಹೊಂದಿಕೊಳ್ಳುತ್ತಾಳೆ ಅಂತ.

ನಾನು ಪಾಠ ಮಾಡಿದ್ದು ಜೀವಶಾಸ್ತ್ರ, ಆದ್ದರಿಂದ ಒಂದು ಕಥೆ ಹೇಳುತ್ತೇನೆ. ಮನುಷ್ಯನ ಜೀವಕೋಶದಲ್ಲಿ 46 ಕ್ರೋಮೋಸೋಮುಗಳು, ಇಲ್ಲಿರುವ ಮಕ್ಕಳಿಗೂ ಗೊತ್ತು. ಆದರೆ 1923ರಲ್ಲಿ ಅಮೆರಿಕದ ಥಿಯೋಫಿಲಸ್ ಪೇಂಟರ್ ಎಂಬ ದೊಡ್ಡ ವಿಜ್ಞಾನಿ ಎಣಿಸಿ 48 ಅಂದರು. ಮೂವತ್ತು ವರ್ಷಕ್ಕೂ ಮೇಲೆ ಪಠ್ಯಪುಸ್ತಕಗಳಲ್ಲಿ 48 ಅಂತಲೇ ಇತ್ತು. 1956ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಚಿಯೋ ಮತ್ತು ಆಲ್ಬರ್ಟ್ ಲೆವಾನ್ ಉತ್ತಮ ವಿಧಾನದಿಂದ ಎಣಿಸಿ 46 ಎಂದು ತೋರಿಸಿದರು. ಆ ಲೇಖನದಲ್ಲೇ ಅವರು ಒಂದು ಸಂಗತಿ ಹೇಳಿದ್ದಾರೆ. ಅದಕ್ಕೆ ಮುಂಚೆ ಅಲ್ಲೇ ಬೇರೆ ಕೆಲವರು ಎಣಿಸುತ್ತಿದ್ದರು, ಅವರಿಗೆ 46 ಸಿಗುತ್ತಿತ್ತು, 48 ಸಿಗಲಿಲ್ಲವಲ್ಲ ಅಂತ ಆ ಅಧ್ಯಯನವನ್ನೇ ಕೈಬಿಟ್ಟಿದ್ದರಂತೆ.

ಪೇಂಟರ್ ಹೃದಯ ತಜ್ಞರ ಹಾಗೆ ಸಂಬಂಧವಿಲ್ಲದವರಲ್ಲ. ಅದೇ ವಿಷಯದ ಪಂಡಿತರು. ಆಗಿನ ಸಲಕರಣೆಯಲ್ಲಿ ಕಷ್ಟಪಟ್ಟು ಎಣಿಸಿದವರು. ಅವರು ತಪ್ಪು ಮಾಡಿದ್ದು ನನಗೆ ದೊಡ್ಡದಲ್ಲ. ಆ ಮಿಕ್ಕವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, 46 ಎಣಿಸಿ, ತಮ್ಮ ಕಣ್ಣೇ ತಪ್ಪು ಅಂದುಕೊಂಡರಲ್ಲ, ಅದು. ಮಗಳ ತಟ್ಟೆಯಲ್ಲಿ ಊಟ ಹಾಗೇ ಉಳಿದಿರುವುದನ್ನು ದಿನಾ ಎಣಿಸುತ್ತಿದ್ದವಳು ನಾನು. ಇಂಜಿನಿಯರಿಂಗ್ ಬಗ್ಗೆ ಆ ಭಾವನವರು ಆಪ್ತರು, ಒಪ್ಪಿದೆ. ಈ ಹುಡುಗಿಯ ಬಗ್ಗೆ ಆಪ್ತೆ ನಾನಾಗಿದ್ದೆ, ಅವಳಾಗಿದ್ದಳು. ಆ ಎರಡು ಸಾಕ್ಷಿಗಳನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಭಾವನವರ ಮೇಲೆ ನನಗೆ ಸಿಟ್ಟಿಲ್ಲ. ಕೇಳಿದೆವು, ಹೇಳಿದರು. ಹೇಳೋರು ಹೇಳಿದರೆ ಕೇಳೋರಿಗೆ ಬುದ್ಧಿ ಬೇಡವಾ ಅಂತ ನಮ್ಮಮ್ಮ ಅನ್ನುತ್ತಿದ್ದಳು, ಅದು ನನಗೆ ಅನ್ವಯಿಸುತ್ತದೆ. ಕೊನೆಗೆ ಎರಡನೇ ವರ್ಷದಲ್ಲಿ ಅವಳೇ ಕದ್ದು ಕ್ಲಾಟ್ ಪುಸ್ತಕ ತರಿಸಿಕೊಂಡಳು. ಎಂಪಿಸಿ ಓದಿದವರೂ ಕ್ಲಾಟ್ ಬರೆಯಬಹುದು, ಯಾವ ವಿಷಯದಲ್ಲಾದರೂ ಹನ್ನೆರಡನೇ ಕ್ಲಾಸಿನಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡ 45 ಇದ್ದರೆ ಸಾಕು ಅನ್ನುವುದು ನಮಗೆ ಆಗ ಗೊತ್ತಾಯಿತು. ಮೊದಲೇ ವೆಬ್‌ಸೈಟ್ ನೋಡಿದ್ದರೆ ತಿಳಿಯುತ್ತಿತ್ತು. ನಾವು ಭಾವನವರನ್ನು ಕೇಳಿದ್ದೆವು.

ಸರಿ, ಪ್ರಶ್ನೆಗಳಿಗೆ ಬರೋಣ. ಇದೇ ಜಾತಿಯ ಇನ್ನೊಂದು ಬಗೆ, ಹೆಸರಿನ ಎರವಲು. ಇದಕ್ಕೆ ನಮ್ಮ ಹೈದರಾಬಾದಿನದೇ ಉದಾಹರಣೆ ಇದೆ. ಭೇದಿಯಾದಾಗ ಕೊಡುವ ಓಆರ್‌ಎಸ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಇದೆ, ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್. ಆದರೆ ಹೆಸರಿನಲ್ಲಿ ಓಆರ್‌ಎಸ್ ಅಂತ ಸೇರಿಸಿಕೊಂಡು, ಅದಕ್ಕಿಂತ ಎಷ್ಟೋ ಹೆಚ್ಚು ಸಕ್ಕರೆ ಹಾಕಿದ ಹಣ್ಣಿನ ರುಚಿಯ ಪಾನೀಯಗಳು ಔಷಧಿ ಅಂಗಡಿಯಲ್ಲೇ ಸಿಗುತ್ತಿದ್ದವು. ಭೇದಿಯಾದ ಮಗುವಿಗೆ ಅಷ್ಟು ಸಕ್ಕರೆ ಕೊಟ್ಟರೆ ಭೇದಿ ಹೆಚ್ಚಾಗಬಹುದು. ನಮ್ಮ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಎಂಟು ವರ್ಷದಷ್ಟು ಕಾಲ ಇದರ ವಿರುದ್ಧ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಬಳಸಕೂಡದು ಎಂದು ಆದೇಶ ಹೊರಡಿಸಿತು. ನಾನೂ ಮಗಳು ಚಿಕ್ಕವಳಿದ್ದಾಗ ಅಂಥದೊಂದು ಪ್ಯಾಕೆಟ್ ಕೊಟ್ಟಿದ್ದೇನೆ. ಔಷಧಿ ಅಂಗಡಿ, ಮೂರು ಅಕ್ಷರ, ಅಷ್ಟು ನೋಡಿದೆ, ಹಿಂದೆ ತಿರುಗಿಸಿ ಓದಲಿಲ್ಲ. ಸೂತ್ರಕ್ಕಿದ್ದ ಅಧಿಕಾರ ಹೆಸರಿಗೆ ಅಂಟಿಕೊಂಡಿತು. ಪರೀಕ್ಷೆಯಲ್ಲಿ ‘ಪ್ರತಿಷ್ಠಿತ ವಿಶ್ವವಿದ್ಯಾಲಯವೊಂದರ ಅಧ್ಯಯನ’ ಅಂತ ಬರುತ್ತದೆ ನೋಡಿ, ಹಾಗೆ. ಯಾವ ಅಧ್ಯಯನ, ಏನು ಅಳೆದರು ಅಂತ ಪ್ಯಾಸೇಜಿನಲ್ಲಿ ಇಲ್ಲದಿದ್ದರೆ ಅದು ಬರೀ ಮೂರು ಅಕ್ಷರ.

ಇದಕ್ಕೆ ಕನ್ನಡಿಯಂತಿರುವ ತಪ್ಪೂ ಇದೆ. ಹೇಳಿದವರ ಜಾತಕ ತೆಗೆದು ಮಾತನ್ನು ತಳ್ಳಿಹಾಕುವುದು. ಮಂಡಿ ನೋವಿಗೆ ಡಾಕ್ಟರು ಸ್ಕ್ಯಾನ್ ಬರೆದುಕೊಟ್ಟರೆ ನಮ್ಮತ್ತೆ, ‘ಅವನಿಗೆ ಕಮಿಷನ್ ಬರುತ್ತೆ, ಅದಕ್ಕೇ ಬರೆದಿದ್ದಾನೆ, ನನಗೇನೂ ಆಗಿಲ್ಲ’ ಅಂತ ಚೀಟಿಯನ್ನು ಡಬ್ಬಿ ಅಡಿಗೆ ಹಾಕಿದರು. ಲಾಭ ಇರುವವರ ಮಾತನ್ನು ಎರಡು ಸಲ ಪರೀಕ್ಷಿಸಬೇಕು, ಹೌದು. ಆದರೆ ಕಮಿಷನ್ ಬರುತ್ತದೆ ಅನ್ನುವುದರಿಂದ ಮಂಡಿ ಸರಿಯಿದೆ ಅಂತ ಸಾಬೀತಾಗುವುದಿಲ್ಲ. ಅಂದಹಾಗೆ ಮಂಡಿ ಸರಿಯಿರಲಿಲ್ಲ. ಅಥಾರಿಟಿ ಪ್ರಶ್ನೆಗಳನ್ನು ಚೆನ್ನಾಗಿ ಅಭ್ಯಾಸ ಮಾಡಿದ ಮಕ್ಕಳು ಈ ಕಡೆ ಜಾರುತ್ತಾರೆ. ಎಲ್ಲ ತಜ್ಞರನ್ನೂ ಅನುಮಾನಿಸುವುದೇ ಜಾಣತನ ಅಂದುಕೊಳ್ಳುತ್ತಾರೆ.

ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಓದಿದವರು ನಮ್ಮಲ್ಲಿ ಇಬ್ಬರಿದ್ದಾರೆ, ಅವರು ಈಗಾಗಲೇ ಎಚ್. ನರಸಿಂಹಯ್ಯನವರ ಹೆಸರು ಹೇಳಬೇಕು ಅಂತ ಕಣ್ಸನ್ನೆ ಮಾಡುತ್ತಿದ್ದಾರೆ. ಭೌತಶಾಸ್ತ್ರದ ಮೇಷ್ಟ್ರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದವರು, ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಅಂತ ಜೀವನವಿಡೀ ಹೇಳಿದವರು. ಅವರ ಹೆಸರು ಹೇಳುವುದಕ್ಕೆ ನನಗೆ ಸಂತೋಷವೇ. ಆದರೆ ಎಚ್ಚೆನ್ ಹೇಳಿದ್ದಾರೆ, ಆದ್ದರಿಂದ ಪ್ರಶ್ನಿಸಬೇಕು ಅಂದರೆ ಏನಾಯಿತು? ಇದನ್ನು ನಿಮ್ಮ ಮಕ್ಕಳಿಗೆ ಕೊಡಿ, ಒಳ್ಳೆಯ ಪ್ರಶ್ನೆಯಾಗುತ್ತದೆ.

ಮಗಳ ವಿಷಯ ಕೇಳುತ್ತೀರಿ ಅಂತ ಗೊತ್ತು. ಒಂದು ವರ್ಷ ಮನೆಯಲ್ಲಿ ಕೂತು ಓದಿ, ಡಿಸೆಂಬರಿನಲ್ಲಿ ಪರೀಕ್ಷೆ ಬರೆದಳು. ನಲ್ಸಾರ್ ಸಿಗಲಿಲ್ಲ, ಅಷ್ಟು ರ‍್ಯಾಂಕ್ ಬರಲಿಲ್ಲ. ಈಗ ಕರ್ನಾಟಕದಲ್ಲೇ ಒಂದು ಕಾನೂನು ಕಾಲೇಜಿನಲ್ಲಿ ಎರಡನೇ ವರ್ಷ. ಊಟ ಮಾಡುತ್ತಾಳೆ. ಭಾವನವರು ಹೋದ ತಿಂಗಳು ಫೋನ್ ಮಾಡಿ, ಬಾಡಿಗೆದಾರರ ಜೊತೆ ಏನೋ ತಕರಾರು, ಅವಳನ್ನು ಕೇಳಿ ಹೇಳು ಅಂದರು. ‘ಅಮ್ಮಾ, ನನಗೆ ಇನ್ನೂ ಆ ಪೇಪರ್ ಬಂದಿಲ್ಲ, ಮೂರನೇ ವರ್ಷಕ್ಕೆ ಬರುತ್ತೆ, ವಕೀಲರನ್ನ ಕೇಳೋಕೆ ಹೇಳು’ ಅಂದಳು.

ಕಾಫಿ ಬರುವುದಕ್ಕೆ ಇನ್ನೂ ಹತ್ತು ನಿಮಿಷ ಇದೆಯಂತೆ, ನಾನು ನೋಡಿಲ್ಲ, ಕಾರ್ಯದರ್ಶಿಗಳು ಹೇಳಿದ್ದು. ಒಬ್ಬೊಬ್ಬರಿಗೂ ಎಂಟು ಪ್ರಶ್ನೆಗಳ ಹಾಳೆ ತಂದಿದ್ದೇನೆ, ಪೆನ್ಸಿಲ್ ಹಿಂದಿನ ಸಾಲಿನಿಂದ ಹಂಚಿ. ಆರನೆಯದರಲ್ಲಿ ಬಿಸಿಬೇಳೆ ಬಾತಿಗೆ ಮೊಗ್ಗು ಹಾಕಬೇಕು ಅಂತ ವಾದಿಸುವ ಒಬ್ಬ ಅಜ್ಜಿ ಬರುತ್ತಾರೆ. ಅವರು ಆಪ್ತರೋ ಅಲ್ಲವೋ ನೀವೇ ನೋಡಿ.